ಹೊಯಿಗೆಯಲ್ಲಿ ಚಿನ್ನಯ್ಯನ ಕಂಬ

ಗುರುವಾಯನಕೆರೆಯಿಂದ ವೇಣೂರಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಟೀವಿ ಅಂಗಡಿ ಇದೆ. ಬೋರ್ಡಿನಲ್ಲಿ ಪ್ರಭಾಚಂದ್ರ ಎಂದು ದೊಡ್ಡದಾಗಿ ಬರೆಸಿದ್ದೇನೆ. ಬರೆಸಿ ಏನು ಪ್ರಯೋಜನ? ಮೆಟ್ಟಿಲು ಹತ್ತಿದವರೆಲ್ಲ ಕೇಳುತ್ತಿದ್ದುದು, "ಚಿನ್ನಯ್ಯ ಇದ್ದಾರಾ?" ಎಂದು. ನಾನು ಎದುರಿಗೇ ಕುರ್ಚಿಯಲ್ಲಿ ಕೂತಿರುವುದು ಅವರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಮೊದಮೊದಲು ಸಿಟ್ಟು ಬರುತ್ತಿತ್ತು. ಸಿಟ್ಟು ಬರುವುದು ನನಗೆ ಕಷ್ಟದ ಕೆಲಸವಲ್ಲ. ಆದರೆ ಯೋಚಿಸಿದರೆ ತಪ್ಪು ಅವರದೂ ಅಲ್ಲ. ಡಿಶ್ ಮಾರುವವನು ನಾನು, ಅದನ್ನು ಕಂಬದ ಮೇಲೆ ನಿಲ್ಲಿಸುವವನು ಅವನು. ಮಳೆಗಾಲ ಕಳೆದ ಮೇಲೂ ಟೀವಿ ನೋಡಬೇಕು ಎಂಬ ಆಸೆಯಿದ್ದವರು ಅವನನ್ನು ಬಿಟ್ಟು ನನ್ನನ್ನು ಯಾಕೆ ಕೇಳುತ್ತಾರೆ?

ಚಿನ್ನಯ್ಯ ಮುಂಡಾಜೆಯವನು. ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ಆದರೂ ನನ್ನನ್ನು ಪ್ರಭಣ್ಣ ಎಂದೇ ಕರೆಯುತ್ತಿದ್ದ. ಹದಿನಾರನೆಯ ವಯಸ್ಸಿಗೆ ಕೆಂಪುಕಲ್ಲಿನ ಕೋರೆಗೆ ಇಳಿದವನು ಮೂವತ್ತೈದು ದಾಟುವವರೆಗೆ ಮೇಲೆ ಬರಲಿಲ್ಲ. ಕಲ್ಲು ಕೊಯ್ಯುವ ಯಂತ್ರ ಆಗಿನ್ನೂ ಅವರ ಕೋರೆಗೆ ಬಂದಿರಲಿಲ್ಲ. ಕಲ್ಲಿನ ಮೇಲೆ ಗೆರೆ ಎಳೆದು, ಗೆರೆಯುದ್ದಕ್ಕೂ ಕಡಿದು, ಬುಡಕ್ಕೆ ಹಾರೆ ತೂರಿಸಿ ಎಬ್ಬಿಸಬೇಕು. ಬಲಗೈಯ ಕಿರುಬೆರಳು ಅಲ್ಲೇ ಹೋಯಿತು. ಯಂತ್ರ ಬಂದು ಕೈಕೆಲಸದವರನ್ನು ಮನೆಗೆ ಕಳಿಸಿದಾಗ ಅವನು ನನ್ನ ಅಂಗಡಿಗೆ ಬಂದು, "ಕಲ್ಲಿಗೆ ತೂತು ಹೊಡೆಯುವ ಕೆಲಸ ಏನಾದರೂ ಉಂಟಾ?" ಎಂದು ಕೇಳಿದ. ನಾವು ಮಾತಾಡುವುದು ತುಳುವಿನಲ್ಲಿ. ಬರೆಯುವಾಗ ಕನ್ನಡ ಮಾಡುತ್ತಿದ್ದೇನೆ. ಮನೆಮನೆಗೂ ಡಿಶ್ ಬರತೊಡಗಿದ್ದ ಕಾಲ ಅದು. ನನಗೆ ಬೇಕಾಗಿದ್ದವನೂ ಅಂಥವನೇ.

ನಮ್ಮ ಕಡೆಯ ನೆಲ ನೋಡಿದವರಿಗೆ ಗೊತ್ತು, ಮೇಲೆ ಒಂದು ಗೇಣು ಮಣ್ಣು, ಕೆಳಗೆ ಕೆಂಪುಕಲ್ಲು. ಬೇರೆಯವರು ಇದರಲ್ಲಿ ಅಗಲವಾದ ಗುಂಡಿ ತೋಡಿ ಬುಟ್ಟಿಗಟ್ಟಲೆ ಕಾಂಕ್ರೀಟು ಸುರಿಯುತ್ತಿದ್ದರು. ಚಿನ್ನಯ್ಯ ಹಾರೆಯಿಂದ ಪೈಪಿಗಿಂತ ಒಂದೆರಡು ಬೆರಳು ಅಗಲದ ತೂತನ್ನು ಎರಡಡಿ ಆಳಕ್ಕೆ ಕೊರೆಯುತ್ತಿದ್ದ. ಪೈಪು ಇಳಿಸಿ, ಸುತ್ತ ಕಲ್ಲಿನ ಚಕ್ಕೆ ಬಡಿದು, ಮೇಲಿಂದ ಒಂದು ಬುಟ್ಟಿ ಸಿಮೆಂಟು ಹಾಕಿದರೆ ಮುಗಿಯಿತು. ಕಲ್ಲೇ ಕಂಬವನ್ನು ಕಚ್ಚಿಕೊಳ್ಳುತ್ತದೆ. ಚಾರ್ಮಾಡಿ ಘಾಟಿಯಿಂದ ಇಳಿದು ಬರುವ ಗಾಳಿಗೆ ಮಾಡಿನ ಹಂಚು ಹಾರಿದ ಮನೆಗಳಲ್ಲಿಯೂ ಅವನ ಕಂಬ ಕದಲಿರಲಿಲ್ಲ.

ಕೆಲಸ ಮುಗಿದ ಮೇಲೆ ಅವನದೊಂದು ಕ್ರಮವಿತ್ತು. ಮನೆಯವರನ್ನೆಲ್ಲ ಅಂಗಳಕ್ಕೆ ಕರೆಯುವುದು, ಮುಂಡಾಸು ಬಿಗಿದುಕೊಳ್ಳುವುದು, ಕಂಬದ ತುದಿಯನ್ನು ಎರಡು ಕೈಯಲ್ಲಿ ಹಿಡಿದು, ಕಾಲು ಮಡಚಿ ಇಡೀ ಮೈಭಾರ ಬಿಟ್ಟು ಜೋತು ಬೀಳುವುದು. ಹೆಂಗಸರು ನಗುತ್ತಿದ್ದರು, ಗಂಡಸರು ತಲೆದೂಗುತ್ತಿದ್ದರು. ಅವನು ಕೆಳಗಿಳಿದು ಕೈ ಒರೆಸಿಕೊಂಡು, "ಇನ್ನು ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಉಂಟು" ಎನ್ನುತ್ತಿದ್ದ. ಅದಾಗುವವರೆಗೆ ಆ ಮನೆಯಲ್ಲಿ ಒಂದು ಲೋಟ ಚಹಾ ಕೂಡ ಕುಡಿಯುತ್ತಿರಲಿಲ್ಲ. ಹಾಗೆ ಜೋತು ಬೀಳುವುದರಲ್ಲಿ ಒಂದು ತಪ್ಪಿದೆ ಎಂಬುದು ಇಪ್ಪತ್ತು ವರ್ಷ ಅವನಿಗೂ ಹೊಳೆಯಲಿಲ್ಲ, ಡಿಪ್ಲೊಮಾ ಓದಿದ ನನಗೂ ಹೊಳೆಯಲಿಲ್ಲ. ಮನುಷ್ಯನ ಭಾರ ಕೆಳಕ್ಕೆ ಎಳೆಯುತ್ತದೆ. ಗಾಳಿ ತಳ್ಳುವುದು ಅಡ್ಡಕ್ಕೆ. ಕಲ್ಲಿನಲ್ಲಿ ಎರಡೂ ಒಂದೇ ಆದ್ದರಿಂದ ನಮ್ಮ ಬಣ್ಣ ಬಯಲಾಗಿರಲಿಲ್ಲ.

ಹೋದ ವರ್ಷ ಫೆಬ್ರವರಿಯಲ್ಲಿ ಪಾಣೆಮಂಗಳೂರಿನ ಕಡೆಯಿಂದ ಸುಹೈಬ್ ಎಂಬ ರಿಕ್ಷಾ ಚಾಲಕ ಫೋನ್ ಮಾಡಿದ. ಅವನ ನೆರೆಮನೆಯ ಅಬ್ದುಲ್ ಶುಕೂರ್ ಎಂಬವರಿಗೆ ಆರಡಿಯ ದೊಡ್ಡ ಡಿಶ್ ಬೇಕಂತೆ. ಅಷ್ಟು ದೊಡ್ಡದನ್ನು ಈಗ ಯಾರೂ ಕೇಳುವುದಿಲ್ಲ. ನನ್ನ ಗೋದಾಮಿನಲ್ಲಿ ಒಂದು ಬಿದ್ದಿತ್ತು, ತಗಡಿನದು. ಹೋಗಲಿ ಪೀಡೆ ಎಂದು ಓಮ್ನಿಯ ಮೇಲೆ ಕಟ್ಟಿ, ಚಿನ್ನಯ್ಯನನ್ನು ಕೂರಿಸಿಕೊಂಡು ಹೊರಟೆ.

ಊರವರ ಬಾಯಲ್ಲಿ ಶುಕೂರಾಕ, ಅರವತ್ತೆಂಟು ದಾಟಿದ ಬಡಕಲು ಮನುಷ್ಯ. ಇಪ್ಪತ್ತೊಂಬತ್ತು ವರ್ಷ ಸೌದಿಯ ದಮ್ಮಾಮಿನ ಆಚೆ ಮರುಭೂಮಿಯಲ್ಲಿ ಯಾವುದೋ ಕಂಪನಿಯ ಕೂಲಿ ಮಾಡಿ ಬಂದವರು. ಹೆಂಡತಿ ಐಸಮ್ಮನ ಮೊಣಕಾಲು ಹೋಗಿ ನಾಲ್ಕು ವರ್ಷವಾಗಿತ್ತು. ಒಮ್ಮೆ ಮಕ್ಕಾಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಹೇಳುತ್ತಾ ಹೇಳುತ್ತಾ ಆಕೆ ನಡೆಯುವ ಕಾಲವೇ ಮುಗಿದಿತ್ತು. ಹಗಲೂ ರಾತ್ರಿಯೂ ಅಲ್ಲಿಂದ ನೇರ ತೋರಿಸುವ ಅರಬ್ಬೀ ಚಾನೆಲ್ ಒಂದಿದೆ, ಅದನ್ನು ದೊಡ್ಡ ಡಿಶ್ಶಿನಲ್ಲಿ ಹಿಡಿಯಬಹುದು ಎಂದು ಯಾರೋ ಹೇಳಿದ್ದರು. ಮೊಬೈಲಿನಲ್ಲಿಯೂ ಸಿಗುತ್ತದಲ್ಲ ಎಂದೆ.

"ಅವಳ ಕಣ್ಣಿಗೆ ಅದು ಕಾಣುದಿಲ್ಲ ಪ್ರಭಣ್ಣ. ಗೋಡೆಯಷ್ಟು ದೊಡ್ಡದು ಕಾಣಬೇಕು. ಕರಕೊಂಡು ಹೋಗ್ಲಿಕ್ಕೆ ಆಗ್ಲಿಲ್ಲ, ತೋರಿಸ್ಲಿಕ್ಕಾದ್ರೂ ಆಗ್ಬೇಕಲ್ಲ" ಎಂದರು.

ಆ ಚಾನೆಲ್ಲಿನ ಉಪಗ್ರಹ ಪಡುವಣ ದಿಕ್ಕಿನಲ್ಲಿ, ಸಾಕಷ್ಟು ಕೆಳಗೆ. ಆ ದಿಕ್ಕಿನ ಆಕಾಶ ಮನೆಯ ಸುತ್ತ ಎರಡೇ ಕಡೆ ತೆರೆದಿತ್ತು. ಒಂದು ಎದುರಿನ ಅಂಗಳ, ಕಲ್ಲುಮಣ್ಣು ತುಂಬಿಸಿ ಗಟ್ಟಿ ಮಾಡಿದ್ದು. ಇನ್ನೊಂದು ಹಿತ್ತಿಲಿನ ಮೂಲೆ, ಅದರಾಚೆ ನೇತ್ರಾವತಿ. ನೆರೆ ಬಂದಾಗಲೆಲ್ಲ ಹೊಳೆ ಅಲ್ಲಿಗೆ ಹೊಯಿಗೆ ಹೊತ್ತು ತಂದು ಹಾಕಿ ಹೋಗುತ್ತದೆ. ಕಾಲಿಟ್ಟರೆ ಹಿಮ್ಮಡಿ ಹೂತುಹೋಗುವಂಥ ಮರಳು.

ನಾನು ಅಂಗಳಕ್ಕೆ ಕೈ ತೋರಿಸಿದೆ. ಆಗ ಅವರ ಮಗಳು ಶಬ್ನಾ ಹೊರಗೆ ಬಂದಳು. ಇಪ್ಪತ್ತೆರಡರ ಹುಡುಗಿ, ಮೂಡುಬಿದಿರೆಯಲ್ಲಿ ಬಿ.ಎಡ್. ಓದುತ್ತಿದ್ದಳು. ದಿನಾ ಬಿ.ಸಿ. ರೋಡಿನವರೆಗೆ ಸ್ಕೂಟರು, ಅಲ್ಲಿಂದ ಬಸ್ಸು.

"ಬಾಪ, ಇಲ್ಲಿ ಬೇಡ" ಎಂದಳು ತಂದೆಗೆ. "ಕಂಬ ಹಾಕಿದ್ರೆ ನನಗೆ ಸ್ಕೂಟರ್ ತಿರುಗಿಸ್ಲಿಕ್ಕೆ ಜಾಗ ಎಲ್ಲಿ ಉಂಟು? ಹಿಂದೆ ಹಾಕ್ಲಿ."

ಶುಕೂರಾಕ ನನ್ನ ಮುಖ ನೋಡಿ, "ಆಯ್ತು, ಹಿಂದೆಯೇ ಹಾಕುವ" ಎಂದರು. ಇಷ್ಟೇ ನಡೆದದ್ದು. ಒಂದು ಹುಡುಗಿ ತನ್ನ ಸ್ಕೂಟರಿಗೆ ಜಾಗ ಕೇಳಿದಳು.

ಚಿನ್ನಯ್ಯ ಹಿತ್ತಿಲಿನ ಮೂಲೆಯಲ್ಲಿ ಎರಡಡಿ ಗುಂಡಿ ತೆಗೆಯುವಷ್ಟರಲ್ಲಿ ಬದಿಯ ಹೊಯಿಗೆ ಜಾರಿ ಅರ್ಧ ತುಂಬಿತು. ಮತ್ತೆ ತೆಗೆದ, ಮತ್ತೆ ಜಾರಿತು. ಶುಕೂರಾಕ ಸ್ವಲ್ಪ ಹೊತ್ತು ನೋಡುತ್ತಾ ನಿಂತು, ಕೊನೆಗೆ ಮೆಲ್ಲನೆ ಬಾಯಿ ಬಿಟ್ಟರು.

"ಚಿನ್ನಯ್ಯ, ಬೇಜಾರು ಮಾಡ್ಬೇಡ. ಹೊಯಿಗೆಗೆ ಎರಡಡಿ ಸಾಲದು. ನಾನು ಅಲ್ಲಿ ಇದ್ದದ್ದು ಇದೇ ಕೆಲಸಕ್ಕೆ, ಬೇಲಿ ಕಂಬ ಹುಗಿಯುದು. ನಾವು ಐದಡಿ ತೆಗೀತಿದ್ದೆವು. ತಳ ಕತ್ತರಿಸಿದ ಡ್ರಮ್ಮು ಇಳಿಸಿ ಒಳಗಿನಿಂದ ತೋಡಿದ್ರೆ ಬದಿ ಜಾರುದಿಲ್ಲ. ಪೈಪಿನ ಕಾಲಿಗೆ ಅಡ್ಡ ಎರಡು ಸರಳು ವೆಲ್ಡ್ ಮಾಡಿಸ್ಬೇಕು, ಇಲ್ಲದಿದ್ರೆ ಗಾಳಿಗೆ ತಿರುಗ್ತದೆ. ಡ್ರಮ್ಮು ತುಂಬ ಕಾಂಕ್ರೀಟು. ಅದರ ಹೊರಗೆ ನೀರು ಬಿಟ್ಟು ಬಿಟ್ಟು ಹೊಯಿಗೆ ತುಳೀಬೇಕು. ವಾರ ಬಿಟ್ಟು ಡಿಶ್ ಏರಿಸ್ಲಿಕ್ಕೆ. ನನ್ನ ಹತ್ರ ಹಳೆ ಡ್ರಮ್ಮು ಉಂಟು."

ಅಲ್ಲಿ ನಗು ಎದ್ದಿತು. ಚಿನ್ನಯ್ಯ ಹಾರೆಯನ್ನು ಊರಿ, "ಕಂಬ ಹುಗಿದು ಹುಗಿದು ನನ್ನ ಕೂದಲು ಹಣ್ಣಾಯ್ತು ಶುಕೂರಾಕ. ಒಂದು ಬಿದ್ದದ್ದು ತೋರಿಸಿ, ಈ ಹಾರೆ ಹೊಳೆಗೆ ಬಿಸಾಡ್ತೇನೆ" ಎಂದ. ಮರುದಿನ ನಮಗೆ ವೇಣೂರಿನಲ್ಲಿ ಬೇರೆ ಕೆಲಸವಿತ್ತು. ಒಂದು ಡಿಶ್ಶಿಗೆ ವಾರ ಕಾಯುವ ಅಂಗಡಿ ನನ್ನದಲ್ಲ. ಶುಕೂರಾಕ ಮುಖ ಸಣ್ಣದು ಮಾಡಿಕೊಂಡು, "ನಿಮ್ಮ ಕೆಲಸ ನಿಮಗೆ ಗೊತ್ತುಂಟು" ಎಂದು ಒಳಗೆ ಹೋದರು. ಶಬ್ನಾ ಕಾಲೇಜಿಗೆ ಹೊರಟುಹೋಗಿದ್ದಳು. ಐಸಮ್ಮ ಅಡುಗೆಮನೆಯಲ್ಲಿದ್ದರು. ಆ ಮಾತು ಕೇಳಿದವರು ನಾವಿಬ್ಬರೇ.

ಆ ಎರಡಡಿ ಗುಂಡಿಗೇ ಬೆಳಿಗ್ಗೆ ಹಾಕಿದ ಕಾಂಕ್ರೀಟಿಗೆ ಬೇಗ ಗಟ್ಟಿಯಾಗುವ ಪುಡಿ ಬೆರೆಸಿ, ಸಂಜೆಯೊಳಗೆ ಡಿಶ್ ಏರಿಸಿದೆವು. ಚಿನ್ನಯ್ಯ ಜೋತು ಬಿದ್ದ. ಕಂಬ ಕದಲಲಿಲ್ಲ. ಟೀವಿಯಲ್ಲಿ ಕಪ್ಪು ಹೊದಿಕೆಯ ಕಅಬಾ, ಅದನ್ನು ಸುತ್ತುವ ಜನ ಮೂಡಿದಾಗ ಐಸಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತರು. ಶುಕೂರಾಕ ಚಿನ್ನಯ್ಯನ ಎರಡೂ ಕೈ ಹಿಡಿದುಕೊಂಡರು. ಬರುವ ದಾರಿಯುದ್ದಕ್ಕೂ ಅವನು ಬಾಯಿಗೆ ಬಂದ ಹಾಡು ಗುನುಗುತ್ತಿದ್ದ.

ಜೂನ್ ಮೂರನೆಯ ವಾರ ಸುಹೈಬ್ ಮತ್ತೆ ಫೋನ್ ಮಾಡಿದ. ಶುಕೂರಾಕ ತೀರಿಕೊಂಡಿದ್ದರು.

ನಾವು ಹೋದಾಗ ದಫನ ಮುಗಿದು ಮೂರನೆಯ ದಿನ. ನಡೆದದ್ದನ್ನು ಸುಹೈಬನೇ ಹಿತ್ತಿಲಿಗೆ ಕರೆದುಕೊಂಡು ಹೋಗಿ ಹೇಳಿದ. ಮಳೆ ಹಿಡಿದ ಮೇಲೆ ಹೊಳೆ ಏರಿ, ನೆಲದಡಿಯಲ್ಲೆಲ್ಲ ನೀರಾಗಿ, ಹೊಯಿಗೆ ಸಡಿಲವಾಗಿತ್ತು. ಮೊದಲು ಚಿತ್ರ ಒಡೆಯಿತು, ಆಮೇಲೆ ಕಂಬ ವಾಲಿದ್ದು ಕಣ್ಣಿಗೇ ಕಾಣತೊಡಗಿತು. ಚಿನ್ನಯ್ಯನಿಗೆ ಫೋನ್ ಮಾಡಿ ಎಂದು ಐಸಮ್ಮ ಹೇಳಿದರು. "ಬೇಡ, ಅವನಿಗೆ ಬೇಜಾರಾಗ್ತದೆ" ಎಂದರಂತೆ ಶುಕೂರಾಕ. ಗೋಣಿಯಲ್ಲಿ ಹೊಯಿಗೆ ತುಂಬಿಸಿ ಬುಡಕ್ಕೆ ಒತ್ತು ಕೊಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಹೊಳೆಯ ಕಡೆಯಿಂದ ಎದ್ದ ಒಂದು ಗಾಳಿಗೆ ಡಿಶ್ ಕಂಬದ ಸಮೇತ ಬಂತು. ತಗಡಿನ ಅಂಚು ಕುತ್ತಿಗೆಗೆ ಬಿತ್ತು. ಮಂಗಳೂರಿನ ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು, ಕಣ್ಣು ಬಿಡಲಿಲ್ಲ.

ಕಂಬ ಅಲ್ಲೇ ಬಿದ್ದಿತ್ತು. ಅದರ ಬುಡದ ಕಾಂಕ್ರೀಟು ಒಡೆದಿರಲಿಲ್ಲ, ಬಿರುಕು ಕೂಡ ಇರಲಿಲ್ಲ. ಗೆಣಸು ಕಿತ್ತ ಹಾಗೆ ಇಡಿಯಾಗಿ ಮೇಲೆ ಬಂದಿತ್ತು. ಚಿನ್ನಯ್ಯ ಕುಕ್ಕರಗಾಲಲ್ಲಿ ಕೂತು, ನಾಲ್ಕು ಬೆರಳಿನ ಕೈಯಿಂದ ಅದನ್ನು ಸವರಿದ. ನನಗೆ ಅವನ ಮುಖ ನೋಡಲು ಹೆದರಿಕೆಯಾಯಿತು.

ಪೊಲೀಸಿನವರು ನನ್ನನ್ನೂ ಕರೆಸಿ ಕೇಳಿದರು. "ಗಾಳಿ ಜೋರಿತ್ತು ಸರ್, ದೊಡ್ಡ ಡಿಶ್" ಎಂದೆ. ಬರೆದುಕೊಂಡರು. ಆ ಮಾತಿನಲ್ಲಿ ಸುಳ್ಳೇನಿದೆ? ಗಾಳಿ ಜೋರಿತ್ತು, ಡಿಶ್ ದೊಡ್ಡದೇ. ವ್ಯಾಪಾರ ಮಾಡಿದವನಿಗೆ ಸುಳ್ಳು ಹೇಳದೆ ಸುಳ್ಳು ಹೇಳುವುದು ಚೆನ್ನಾಗಿ ಬರುತ್ತದೆ.

ಇಲ್ಲಿಗೇ ನಿಂತಿದ್ದರೂ ಅದೊಂದು ಕೆಟ್ಟ ಸಾವು ಎಂದು ಮರೆಯಬಹುದಿತ್ತೇನೋ. ಇಪ್ಪತ್ತು ದಿನ ಕಳೆದು ಸುಹೈಬ್ ರಿಮೋಟಿನ ಸೆಲ್ಲಿಗೆಂದು ಅಂಗಡಿಗೆ ಬಂದವನು ಇನ್ನೊಂದು ಸುದ್ದಿ ಹೇಳಿದ. ಶಬ್ನಾ ಮನೆಯಲ್ಲಿಲ್ಲ. ಗಂಡ ಸತ್ತ ದಿನವೇ ಐಸಮ್ಮ ಜನರೆಲ್ಲ ಇರುವಾಗ ಮಗಳಿಗೆ, "ನಿನ್ನ ಸ್ಕೂಟರಿಗೆ ಜಾಗ ಬೇಕಾಗಿತ್ತು. ಈಗ ತಿರುಗಿಸು, ಎಷ್ಟು ಬೇಕಾದರೂ ತಿರುಗಿಸು" ಎಂದು ಕೂಗಿದ್ದರಂತೆ. ಅಂಗಳದಲ್ಲಿ ಹಾಕಿದ್ದರೆ ಕಂಬ ನಿಲ್ಲುತ್ತಿತ್ತು, ಅವಳೇ ಹೊಯಿಗೆಗೆ ಕಳಿಸಿದಳು ಎಂಬುದು ಆಕೆಯ ಲೆಕ್ಕ. ಅವಳು ಮಾಡಿದ ಅನ್ನ ಮುಟ್ಟಲಿಲ್ಲ. ಕೊನೆಗೆ ಮೂಡುಬಿದಿರೆಯಲ್ಲಿದ್ದ ಚಿಕ್ಕಮ್ಮ ಬಂದು ಹುಡುಗಿಯನ್ನು ಕರೆದುಕೊಂಡು ಹೋದಳು. ಕಾಲೇಜು ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಆದರೂ ಹುಡುಗಿ ಹೋಗುತ್ತಿಲ್ಲ. "ನಾನೇ ಕೊಂದದ್ದು" ಎನ್ನುತ್ತಾಳಂತೆ.

ಚಿನ್ನಯ್ಯ ಕೌಂಟರಿನ ಹಿಂದೆ ವಯರು ಸುತ್ತುತ್ತಿದ್ದ. ಸುತ್ತುವುದನ್ನು ನಿಲ್ಲಿಸಿದ.

ಸುಹೈಬ್ ಹೋದ ಮೇಲೆ ಅವನು, "ನಾವು ಹೋಗಿ ಹೇಳುವ ಪ್ರಭಣ್ಣ" ಎಂದ. "ಹೊಯಿಗೆಯಲ್ಲಿಯೂ ನಿಲ್ಲಿಸ್ಲಿಕ್ಕೆ ಆಗ್ತಿತ್ತು. ಹೇಗೆ ಅಂತ ಅವರು ಹೇಳಿ ಕೊಟ್ಟಿದ್ರು. ಮಾಡದೆ ಇದ್ದದ್ದು ನಾನು. ಆ ಹುಡುಗಿಗೆ ಇದು ಗೊತ್ತಾಗ್ಬೇಕು."

ಗೊತ್ತಾಗಬೇಕು, ಸರಿ. ಆ ಹೆಣ್ಣುಮಗಳ ತಲೆಯ ಮೇಲೆ ಕೂತ ಹೊರೆಯನ್ನು ಇಳಿಸಲು ಈ ಲೋಕದಲ್ಲಿ ಎರಡೇ ಬಾಯಿಗಳಿದ್ದವು, ಅವನದು ಮತ್ತು ನನ್ನದು. ಆದರೆ ನನ್ನ ಬಾಯಿಗೆ ಅಂಗಡಿಯೂ ಕಟ್ಟಿಕೊಂಡಿತ್ತು. ಪೊಲೀಸರ ಹತ್ತಿರ ಒಂದು ಹೇಳಿ, ಇಲ್ಲಿ ಒಂದು ಹೇಳಿದರೆ ಏನಾದೀತು? ನಾನು ತಕ್ಷಣ ಒಂದು ಉಪಾಯ ಹುಡುಕಿದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

"ಈಗ ಆಕೆ ಇದ್ದತ್ ಕೂತಿದ್ದಾರೆ ಮಾರಾಯ" ಎಂದೆ. ಗಂಡ ಸತ್ತ ಹೆಂಗಸು ಅವರಲ್ಲಿ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರಬೇಕು, ಹೊರಗಿನ ಗಂಡಸರ ಎದುರು ಬರುವ ಹಾಗಿಲ್ಲ. "ನಾವು ಹೋಗಿ ಮಾತಾಡಿದ್ರೆ ಅವರ ಕ್ರಮ ಕೆಡಿಸಿದ ಹಾಗೆ ಆಗ್ತದೆ. ಅದು ಮುಗೀಲಿ, ಆಮೇಲೆ ಹೋಗುವ."

ಸುಹೈಬನ ಹತ್ತಿರ ಹೇಳಿ ಕಳಿಸಬಹುದಿತ್ತು. ಬಾಗಿಲಿನ ಹೊರಗೆ ನಿಂತು ಹೇಳಬಹುದಿತ್ತು. ಮೂಡುಬಿದಿರೆಗಂತೂ ನಮ್ಮ ಅಂಗಡಿಯ ಎದುರಿನಿಂದಲೇ ಬಸ್ಸಿದೆ, ಅಲ್ಲಿ ಯಾವ ಇದ್ದತ್ತೂ ಇರಲಿಲ್ಲ. ಆದರೆ ಚಿನ್ನಯ್ಯ ಇನ್ನೊಬ್ಬರ ಕ್ರಮ ಎಂದರೆ ಎರಡನೆಯ ಮಾತಾಡದ ಮನುಷ್ಯ. ದೈವಗಳ ಕೋಲ, ನೇಮದಲ್ಲಿ ಕಟ್ಟುಕಟ್ಟಳೆ ಮೀರಿದವರಿಗೆ ಏನಾಗುತ್ತದೆ ಎಂದು ಕೇಳುತ್ತಲೇ ಬೆಳೆದವನು. ನನ್ನ ಬಸದಿಯ ಕ್ರಮಕ್ಕೂ ಅಷ್ಟೇ ಹೆದರುತ್ತಿದ್ದ. ಅವನ ಆ ಹೆದರಿಕೆಯನ್ನೇ ನಾನು ನನ್ನ ಬಾಗಿಲಿಗೆ ಅಗುಳಿ ಮಾಡಿಕೊಂಡೆ. ಅವನು ನಂಬಿದ. ಮನೆಯ ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕತೊಡಗಿದ.

ಕಾಂತಿ ಅವನ ಹೆಂಡತಿ, ಬೀಡಿ ಕಟ್ಟುತ್ತಾಳೆ. ಆಗಸ್ಟಿನಲ್ಲಿ ಒಂದು ದಿನ ಬೀಡಿ ಎಲೆಯ ಮೊರ ಮಡಿಲಲ್ಲಿಟ್ಟುಕೊಂಡೇ ನನಗೆ ಫೋನ್ ಮಾಡಿದಳು. "ಇವರು ಬೆಳಿಗ್ಗೆ ಎದ್ದು ಎಲ್ಲಿಗೋ ಹೋಗ್ತಾರೆ ಅಣ್ಣ. ಕೆಲಸಕ್ಕೆ ಬರ್ತಾರಾ ಅಲ್ಲಿಗೆ?" ಬರುತ್ತಿರಲಿಲ್ಲ. ವಿಚಾರಿಸಿದರೆ, ಮುಂಡಾಜೆ, ಕಕ್ಕಿಂಜೆ, ಉಜಿರೆ ಎಂದು ತಾನು ಹುಗಿದ ಹಳೆಯ ಕಂಬಗಳ ಮನೆಗಳಿಗೆ ಹೋಗುತ್ತಿದ್ದ. ಮನೆಯವರನ್ನು ಕರೆಯುತ್ತಿರಲಿಲ್ಲ, ಜೋತು ಬೀಳುತ್ತಿರಲಿಲ್ಲ. ಕಂಬಕ್ಕೆ ಭುಜ ಕೊಟ್ಟು ಅಡ್ಡಕ್ಕೆ ತಳ್ಳುತ್ತಿದ್ದ. ಅವು ಕಲ್ಲಿನಲ್ಲಿದ್ದವು, ಒಂದೂ ಅಲುಗಲಿಲ್ಲ. ಅಲುಗದಷ್ಟೂ ಅವನು ಕುಗ್ಗಿದ. ಒಂದು ಮನೆಯ ಮುದುಕಿ ನನ್ನ ಹತ್ತಿರ, "ನಿಮ್ಮ ಚಿನ್ನಯ್ಯನಿಗೆ ತಲೆ ಸರಿ ಉಂಟಾ?" ಎಂದು ಕೇಳಿದಳು. ನನಗೆ ಬಂದ ಸಿಟ್ಟು ಆ ಮುದುಕಿಯ ಮೇಲೆ ಅಲ್ಲ, ಅವನ ಮೇಲೆ. ಎಲ್ಲರ ಹಾಗೆ ಮರೆಯಲು ಇವನಿಗೇನು ರೋಗ ಎಂದು.

ಕ್ಯಾಲೆಂಡರಿನ ದಿನ ಮುಗಿದ ಮರುದಿನವೇ ಅವನು ಒಗೆದ ಅಂಗಿ ಹಾಕಿಕೊಂಡು ಅಂಗಡಿಯ ಎದುರು ನಿಂತಿದ್ದ. ಅಕ್ಟೋಬರ್ ಕೊನೆ. ನನಗೆ ಹೇಳಲು ಬೇರೆ ನೆಪ ಉಳಿದಿರಲಿಲ್ಲ.

ಐಸಮ್ಮ ಒಳಗಿನ ಬಾಗಿಲಿನ ಪರದೆಯ ಹಿಂದೆ ಕುರ್ಚಿಯಲ್ಲಿ ಕೂತು ಕೇಳಿದರು. ಸುಹೈಬ್ ನಮ್ಮ ಜೊತೆ ಚಾವಡಿಯಲ್ಲಿದ್ದ. ಗೋಡೆಯಲ್ಲಿ ಟೀವಿ ಇದ್ದಲ್ಲಿ ಮೊಳೆ ಮಾತ್ರ ಇತ್ತು. ಚಿನ್ನಯ್ಯ ಕುಳಿತುಕೊಳ್ಳಲಿಲ್ಲ. ಐದಡಿ, ಡ್ರಮ್ಮು, ಅಡ್ಡ ಸರಳು, ನೀರು ಬಿಟ್ಟು ತುಳಿಯುವುದು, ವಾರದ ಕಾಯುವಿಕೆ, ಶುಕೂರಾಕ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದ. "ನಾನು ಕೇಳ್ಲಿಲ್ಲ. ಜಾಗದ ತಪ್ಪಲ್ಲ, ನಿಮ್ಮ ಮಗಳ ತಪ್ಪಲ್ಲ. ನನ್ನ ತಪ್ಪು" ಎಂದ.

ಪರದೆಯ ಹಿಂದಿನಿಂದ ಐಸಮ್ಮನ ದನಿ ಬಂತು. "ಅದಕ್ಕೇ ಆ ದಿನ 'ಅವನಿಗೆ ಬೇಜಾರಾಗ್ತದೆ' ಅಂದದ್ದಾ ಅವರು? ಫೋನ್ ಮಾಡಿದ್ರೆ, ನೋಡು ನಾನು ಹೇಳಿರ್ಲಿಲ್ವಾ ಅಂದ ಹಾಗೆ ಆಗ್ತದೆ ಅಂತ?"

ಚಿನ್ನಯ್ಯ ಗೋಡೆಯ ಆ ಮೊಳೆಯ ಕಡೆ ನೋಡಿದ.

"ನಿಮಗೆ ಆಗಲೇ ಗೊತ್ತಿತ್ತು" ಎಂದರು ಆಕೆ. ದನಿ ಏರಲಿಲ್ಲ. "ನಾಲ್ಕು ತಿಂಗಳು ನಾನು ಹೆತ್ತ ಮಗಳನ್ನು ಬಾಗಿಲಿಗೆ ಸೇರಿಸ್ಲಿಲ್ಲ. ಬಾಪನನ್ನು ತಿಂದವಳು ಅಂದಿದ್ದೇನೆ. ಆ ಮಾತನ್ನು ಈಗ ಯಾವ ಹಾರೆಯಲ್ಲಿ ಕೀಳ್ತೀರಿ?" ಮತ್ತೆ, "ನನಗೆ ಹೇಳಿ ಆಯ್ತಲ್ಲ. ಅವಳಿಗೆ ಹೋಗಿ ಹೇಳಿ" ಎಂದರು.

ಅಲ್ಲಿಂದ ಸಿದ್ದಕಟ್ಟೆಯ ಮಾರ್ಗವಾಗಿ ಮೂಡುಬಿದಿರೆಗೆ ಹೋದೆವು. ಚಿಕ್ಕಮ್ಮನ ಮನೆಯ ಗೇಟಿಗೆ ಶಬ್ನಾ ತಾನೇ ಬಂದಳು. ಫೆಬ್ರವರಿಯಲ್ಲಿ ನೋಡಿದ ಹುಡುಗಿ ಇವಳೇ ಎನ್ನಲು ಆಗುತ್ತಿರಲಿಲ್ಲ, ಅಷ್ಟು ಇಳಿದಿದ್ದಳು. ಒಳಗೆ ಕರೆಯಲಿಲ್ಲ. ಚಿನ್ನಯ್ಯ ಗೇಟಿನ ಹೊರಗೆ ನಿಂತೇ ಎಲ್ಲವನ್ನೂ ಮತ್ತೆ ಹೇಳಿದ. ಅವಳು ಗೇಟಿನ ಕಂಬಿಯನ್ನು ಹಿಡಿದುಕೊಂಡು ಕೇಳಿದಳು. ನನಗೆ ಅವಳು ಅತ್ತರೆ ಸಾಕಿತ್ತು, ಬೈದರೆ ಇನ್ನೂ ಒಳ್ಳೆಯದಿತ್ತು. ಎರಡೂ ಮಾಡಲಿಲ್ಲ.

"ಬಾಪ ಅಷ್ಟೆಲ್ಲ ಹೇಳುವಾಗ ನೀವು ಏನಂದಿರಿ?" ಎಂದು ಕೇಳಿದಳು.

"ನಗಾಡಿದೆ" ಎಂದ ಚಿನ್ನಯ್ಯ.

ಅವಳು ಕಣ್ಣು ಮುಚ್ಚಿಕೊಂಡಳು. ತಂದೆ ಸತ್ತದ್ದಕ್ಕಿಂತ ಆ ನಗು ಅವಳಿಗೆ ಹೆಚ್ಚು ಹೊಡೆಯಿತು ಎಂದು ನನಗೆ ಅನಿಸಿತು. ಇಪ್ಪತ್ತೊಂಬತ್ತು ವರ್ಷ ಬಿಸಿಲಿನಲ್ಲಿ ಆ ಮನುಷ್ಯ ಕಲಿತುಕೊಂಡು ಬಂದದ್ದು ಅದೊಂದೇ ವಿದ್ಯೆ. ಅದನ್ನು ಅವರು ಯಾರಿಗೋ ಒಮ್ಮೆ ಹೇಳಿಕೊಟ್ಟಿದ್ದರು.

ಆಮೇಲೆ ಅವಳು ನನ್ನ ಕಡೆ ತಿರುಗಿದಳು. "ನೀವೂ ಅಲ್ಲಿದ್ದಿರಲ್ಲ ಅಂಕಲ್?"

"ಇದ್ದೆ" ಎಂದೆ. "ನನಗೆ ಆಗ ಯಾರದ್ದೋ ಫೋನ್ ಬಂದಿತ್ತಮ್ಮ. ನಾನು ಆಚೆ ಹೋಗಿದ್ದೆ. ಸರಿಯಾಗಿ ಕೇಳ್ಲಿಲ್ಲ."

ಚಿನ್ನಯ್ಯ ನನ್ನನ್ನು ಒಮ್ಮೆ ನೋಡಿದ. ಶಬ್ನಾ "ಆಯ್ತು" ಎಂದು ಗೇಟು ಹಾಕಿಕೊಂಡು ಒಳಗೆ ಹೋದಳು.

ಫೋನ್ ಬಂದಿರಲಿಲ್ಲ. ಅವತ್ತು ಹಿತ್ತಿಲಿನಲ್ಲಿ ಶುಕೂರಾಕ ಡ್ರಮ್ಮಿನ ಮಾತು ಮುಗಿಸಿದಾಗ ಚಿನ್ನಯ್ಯ ನಕ್ಕಿರಲಿಲ್ಲ. ಹಾರೆ ಊರಿಕೊಂಡು ಆ ಗುಂಡಿಯನ್ನೇ ನೋಡುತ್ತಿದ್ದ. "ಡ್ರಮ್ಮು ಎಲ್ಲಿ ಉಂಟು?" ಎಂದು ಕೇಳಲು ಬಾಯಿ ತೆರೆದಿದ್ದನೋ ಏನೋ. ಆಗ ನಾನು, "ಶುಕೂರಾಕ, ಇದು ಸೌದಿ ಅಲ್ಲ. ಒಂಟೆ ಕಟ್ಟುವ ಕೆಲಸ ಅಲ್ಲಿ ಮಾಡಿ, ಚಿನ್ನಯ್ಯನಿಗೆ ಕಂಬ ಕಲಿಸ್ಬೇಡಿ" ಎಂದು ಜೋರಾಗಿ ನಕ್ಕೆ. ನಾನು ನಕ್ಕದ್ದನ್ನು ನೋಡಿ ಅವನು ನಕ್ಕ. ಹಾರೆಯ ಮಾತು ಬಂದದ್ದು ಅದರ ನಂತರ.

ಓಮ್ನಿ ಮೂಡುಬಿದಿರೆ ಪೇಟೆ ದಾಟುವ ಮೊದಲೇ ಅವನು, "ಇಲ್ಲಿ ನಿಲ್ಲಿಸಿ ಪ್ರಭಣ್ಣ, ನಾನು ಬಸ್ಸಿನಲ್ಲಿ ಬರ್ತೇನೆ" ಎಂದ. ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿದ. ನಾಳೆ ಬರುತ್ತಾನೆ ಎಂದುಕೊಂಡೆ. ಬರಲಿಲ್ಲ. ಈಗ ಮಿಜಾರಿನ ಒಂದು ಹಾಸ್ಟೆಲಿನಲ್ಲಿ ಗಿಡಗಳಿಗೆ ನೀರು ಬಿಡುವ ಕೆಲಸಕ್ಕೆ ಹೋಗುತ್ತಾನೆ ಎಂದು ಕಾಂತಿ ಹೇಳಿದಳು. ಶಬ್ನಾ ಇನ್ನೂ ತಾಯಿಯ ಮನೆಗೆ ಬಂದಿಲ್ಲ ಎಂದು ಸುಹೈಬ್ ಹೇಳಿದ. ಚಿನ್ನಯ್ಯ ಅವಳಿಗೆ ಹೇಳಬೇಕಾದ್ದನ್ನು ಹೇಳಿ ಮುಗಿಸಿದ್ದಾನೆ, ನನ್ನ ಪಾಲನ್ನೂ ಸೇರಿಸಿ. ನಾನು ಮೂಡುಬಿದಿರೆಗೆ ಮತ್ತೆ ಹೋಗಿಲ್ಲ.